ಸಂಜೆ ನಾಲ್ಕಕ್ಕೆ ದಿನ ಬದಲಾಗುವ ಊರು

ಪ್ರಾಗ್‌ನಲ್ಲಿ ಕೆಲಸದಲ್ಲಿರುವ ತಮ್ಮ ಫೋನಿನಲ್ಲಿ ಮೊದಲು ಎಚ್ಚರಿಸಿದ್ದು ಚಳಿಯ ಬಗ್ಗೆ ಅಲ್ಲ, ಮೊಸರಿನ ಬಗ್ಗೆ. "ಅಕ್ಕ, 24ನೇ ತಾರೀಕು ಮಧ್ಯಾಹ್ನದೊಳಗೆ ಮೂರು ದಿನದ ಸಾಮಾನು ತಂದಿಟ್ಕೋಬೇಕು. ಆಮೇಲೆ ದುಡ್ಡು ಹಿಡ್ಕೊಂಡು ಊರೆಲ್ಲ ಸುತ್ತಿದ್ರೂ ಅಮ್ಮಂಗೆ ಒಂದು ಡಬ್ಬಿ ಮೊಸರು ಸಿಗಲ್ಲ" ಎಂದ. ಕ್ರಿಸ್‌ಮಸ್ ನೋಡಲೆಂದೇ ಅಮ್ಮ, ಮಗಳು, ನಮ್ಮವರು, ನಾನು ನಾಲ್ವರೂ ಟಿಕೆಟ್ ಮಾಡಿಸಿಕೊಂಡು ಕೂತಿದ್ದೆವು. ಹಬ್ಬದ ದಿನವೇ ಅಂಗಡಿ ಮುಚ್ಚಿರುತ್ತದೆ ಎಂದರೆ ನಂಬುವುದು ಹೇಗೆ? ಬೆಂಗಳೂರಿನವರಿಗೆ ಕ್ರಿಸ್‌ಮಸ್ ಎಂದರೆ ಬ್ರಿಗೇಡ್ ರೋಡಿನ ದೀಪ, ಚರ್ಚ್ ಸ್ಟ್ರೀಟಿನ ನೂಕುನುಗ್ಗಲು. ಹಬ್ಬದ ರಾತ್ರಿ ಬೀದಿ ತುಂಬಿರಬೇಕು ಎಂಬುದು ನಮ್ಮ ಲೆಕ್ಕ.

ಚೆಕ್ ದೇಶದ ಲೆಕ್ಕ ಬೇರೆ. 2016ರ ಅಕ್ಟೋಬರ್‌ನಿಂದ ಅಲ್ಲೊಂದು ಕಾನೂನೇ ಇದೆ. 200 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳು ಡಿಸೆಂಬರ್ 24ರ ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಹಾಕಬೇಕು. 25 ಮತ್ತು 26 ಪೂರ್ತಿ ರಜೆ. ಕಾನೂನಿಗೆ ಮೊದಲೂ ಆ ಸಂಜೆ ಊರು ಮನೆಯೊಳಗೇ ಇರುತ್ತಿತ್ತು. ಈಗ ಅಂಗಡಿಯಲ್ಲಿ ಕೆಲಸ ಮಾಡುವವರಿಗೂ ಹೊತ್ತಿಗೆ ಸರಿಯಾಗಿ ಮನೆ ಸೇರುವ ಹಕ್ಕು ಸಿಕ್ಕಿದೆ, ಅಷ್ಟೆ. ನಾವು ಅಲ್ಲಿ ಕಳೆದ ಹತ್ತು ದಿನದಲ್ಲಿ ನನಗೆ ಅರ್ಥವಾದದ್ದೂ ಇದೇ: ಪ್ರವಾಸಿಗರು ಚೌಕದಲ್ಲಿ ನಿಂತು ಕಾಯುವ ಹಬ್ಬ ಚೌಕಕ್ಕೆ ಬರುವುದೇ ಇಲ್ಲ.

ಹಬ್ಬ ಬೀದಿಯಲ್ಲಿ ನಿಜವಾಗಿ ಕಾಣುವುದು ಅದಕ್ಕೂ ನಾಲ್ಕು ದಿನ ಮೊದಲು, ಮೀನಿನ ರೂಪದಲ್ಲಿ. ಡಿಸೆಂಬರ್ 20ರ ಸುಮಾರಿಗೆ ಟ್ರಾಮ್ ನಿಲ್ದಾಣದ ಬಳಿ, ಮೆಟ್ರೋ ಮೆಟ್ಟಿಲ ಪಕ್ಕ, ಬಡಾವಣೆಯ ಮೂಲೆಗಳಲ್ಲಿ ದೊಡ್ಡ ದೊಡ್ಡ ನೀರಿನ ತೊಟ್ಟಿಗಳು ಬಂದು ಕೂರುತ್ತವೆ. ಒಳಗೆ ಮೈಗೆ ಮೈ ತಾಗಿಸಿಕೊಂಡು ಜೀವಂತ ಗೆಂಡೆ ಮೀನು. ನಮ್ಮ ಕೆರೆಗಳಲ್ಲಿ ಸಾಕುತ್ತಾರಲ್ಲ, ಆ ಸಾಮಾನ್ಯ ಗೆಂಡೆಯೇ. ರಬ್ಬರ್ ಏಪ್ರನ್ ತೊಟ್ಟ ಮೀನಿನವನು ಬಲೆಯಲ್ಲಿ ಎತ್ತಿ, ತೂಕ ಹಾಕಿ, ಕೊಯ್ದು ಕೊಡಲೋ ಹಾಗೇ ಕೊಡಲೋ ಎಂದು ಕೇಳುತ್ತಾನೆ. ಹಾಗೇ ಒಯ್ಯುವವರೂ ಇದ್ದಾರೆ. ಅವರ ಮನೆಯ ಸ್ನಾನದ ತೊಟ್ಟಿ ಎರಡು ಮೂರು ದಿನ ಮೀನಿನ ಪಾಲು, ಮನೆಯವರಿಗೆ ಸ್ನಾನವಿಲ್ಲ. ಅಷ್ಟರಲ್ಲಿ ಮಕ್ಕಳು ಮೀನಿಗೊಂದು ಹೆಸರಿಟ್ಟಿರುತ್ತಾರೆ. ಹೆಸರಿಟ್ಟ ಮೇಲೆ ತಿನ್ನುವುದು ಹೇಗೆ? ಅಳು ಶುರು. ಕೊನೆಗೆ ಅಪ್ಪ ಅದನ್ನು ಒಯ್ದು ವಲ್ತಾವಾ ನದಿಗೆ ಬಿಟ್ಟು ಬರುತ್ತಾನೆ. ಕೊಳದಲ್ಲಿ ಸಾಕಿದ, ತೊಟ್ಟಿಯಲ್ಲಿ ಬಳಲಿದ ಮೀನು ಮಂಜಿನಂಥ ನದಿ ನೀರಿನಲ್ಲಿ ಬದುಕುವುದು ಕಷ್ಟ, ಇದು ಕರುಣೆಯಲ್ಲ ಎಂದು ಪ್ರಾಣಿತಜ್ಞರು ಪ್ರತಿ ವರ್ಷ ಹೇಳುತ್ತಾರೆ. ಪ್ರತಿ ವರ್ಷ ಯಾರೋ ಬಿಡುತ್ತಾರೆ.

ಈ ಮೀನು ಬರುವುದು ಬಹುಪಾಲು ದಕ್ಷಿಣ ಬೊಹೇಮಿಯಾದ ತ್ರೆಬೋನ್ ಸೀಮೆಯಿಂದ. ಆ ಸೀಮೆಯ ಚರಿತ್ರೆ ಓದಿದರೆ ಕನ್ನಡದವರಿಗೆ ನಮ್ಮ ಬಯಲುಸೀಮೆಯ ಕತೆ ಓದಿದಂತೆಯೇ ಅನ್ನಿಸುತ್ತದೆ. ಏರಿ, ತೂಬು, ಕೋಡಿ, ಕಾಲುವೆ, ಒಂದು ಕೆರೆಯಿಂದ ಇನ್ನೊಂದಕ್ಕೆ ನೀರು ಹರಿಸುವ ಜಾಣತನ, ಎಲ್ಲ ಅಲ್ಲಿದೆ. ಜೌಗು ನೆಲವನ್ನು 16ನೇ ಶತಮಾನದಲ್ಲಿ ಕೆರೆಗಳ ಸರಪಳಿಯಾಗಿ ಮಾಡಿದರು. ಅವುಗಳಿಗೆ ನೀರುಣಿಸಲು ಸುಮಾರು 45 ಕಿಲೋಮೀಟರ್ ಉದ್ದದ 'ಚಿನ್ನದ ಕಾಲುವೆ' ತೋಡಿಸಿದವನು ಶ್ತೇಪಾನೆಕ್ ನೆತೊಲಿಟ್ಸ್ಕೀ. ಅವನ ನಂತರ ಬಂದ ಯಾಕುಬ್ ಕರ್ಚೀನ್ 1584ರಿಂದ 1590ರವರೆಗೆ ಕಟ್ಟಿಸಿದ ರೋಝಂಬೆರ್ಕ್ ಕೆರೆ ಆ ದೇಶದ ಕೆರೆಗಳಲ್ಲೆಲ್ಲ ದೊಡ್ಡದು. ನೀರಿನ ಹರವು ಸುಮಾರು 5 ಚದರ ಕಿಲೋಮೀಟರ್, ಏರಿಯ ಉದ್ದವೇ ಎರಡೂವರೆ ಕಿಲೋಮೀಟರ್‌ನಷ್ಟು. ಆಳುಗಳನ್ನು ಹಿಂಡಿ ದುಡಿಸಿಕೊಂಡ ಕರ್ಚೀನ್ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡಿದ್ದ ಎಂದು ಊರವರು ಕತೆ ಕಟ್ಟಿದರು. ನಮ್ಮಲ್ಲಿ ಕೆರೆಗೆ ಹಾರವಾದ ಸೊಸೆಯ ಹಾಡು ಹುಟ್ಟಿತು. ನೀರು ನಿಲ್ಲಿಸುವ ಕೆಲಸಕ್ಕೆ ಎಲ್ಲ ಕಡೆಯೂ ಜನ ಒಂದು ಭಯದ ಕತೆ ಸೇರಿಸುತ್ತಾರೇನೋ. 2002ರಲ್ಲಿ ಬೊಹೇಮಿಯಾ ಮುಳುಗಿ ಪ್ರಾಗ್‌ನ ಮೆಟ್ರೋ ಸುರಂಗಗಳಿಗೆ ನೀರು ನುಗ್ಗಿದಾಗಲೂ ಈ ಏರಿ ಒಡೆಯಲಿಲ್ಲ.

ಹಬ್ಬದ ತಟ್ಟೆಗೆ ಬರುವ ಗೆಂಡೆ ಮೂರು ನಾಲ್ಕು ವರ್ಷ ಬೆಳೆದದ್ದು. ಶರತ್ಕಾಲದಲ್ಲಿ ಕೆರೆಯ ನೀರು ಬಿಟ್ಟು ಮೀನು ಹಿಡಿಯುತ್ತಾರೆ, ಕೆಸರಿನ ವಾಸನೆ ಹೋಗಲು ಕೆಲವು ವಾರ ಶುದ್ಧ ನೀರಿನ ಕೊಳದಲ್ಲಿ ಇಡುತ್ತಾರೆ. ಇಷ್ಟೆಲ್ಲ ಆದಮೇಲೆ ಹಿಟ್ಟು, ಮೊಟ್ಟೆ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದು ಆಲೂಗಡ್ಡೆ ಸಲಾಡ್ ಜೊತೆ ಬಡಿಸುವುದು. ಗೆಂಡೆಗೆ ಕವಲುಮುಳ್ಳು ವಿಪರೀತ. ಆ ರಾತ್ರಿ ಗಂಟಲಿಗೆ ಮುಳ್ಳು ಸಿಕ್ಕಿಸಿಕೊಂಡು ಆಸ್ಪತ್ರೆಗೆ ಓಡುವವರದ್ದೂ ಹಬ್ಬದ ಮಾಮೂಲು ಸುದ್ದಿ.

ಅಮ್ಮನಿಗೆ ಮೀನಿನ ತೊಟ್ಟಿಯ ಪಕ್ಕ ನಿಲ್ಲುವುದೇ ಕಷ್ಟವಾಯಿತು. "ಹಬ್ಬದ ದಿನ ಇವರಿಗೆ ಸಪ್ಪೆ ಊಟ ಅನ್ನೋದೇ ಇಲ್ವಾ?" ಎಂದಳು. ಇದೆ. ಹೆಸರು ಕೂಬಾ. ಬಾರ್ಲಿಯನ್ನು ಒಣಗಿಸಿಟ್ಟ ಕಾಡು ಅಣಬೆ, ಬೆಳ್ಳುಳ್ಳಿ, ಮಾರ್ಜೋರಂ ಸೊಪ್ಪಿನ ಜೊತೆ ಬೇಯಿಸಿ ಒಲೆಯಲ್ಲಿ ಸುಟ್ಟು ತೆಗೆದದ್ದು. ಗೆಂಡೆ ಎಲ್ಲರ ಮನೆಯ ರೂಢಿಯಾದದ್ದು 19ನೇ ಶತಮಾನದಿಂದ ಈಚೆಗೆ. ಹಳ್ಳಿಯ ಬಡವರ ಹಬ್ಬದೂಟವಾಗಿ ಕೂಬಾ ಇತ್ತು, ಈಗಲೂ 24ರ ಮಧ್ಯಾಹ್ನ ಹಲವರ ಮನೆಯಲ್ಲಿ ಅದೇ. ಬೆಳ್ಳುಳ್ಳಿ ಇದೆ ಎಂದು ಗೊತ್ತಾಗಿ ಅಮ್ಮ ಅದನ್ನೂ ಮುಟ್ಟಲಿಲ್ಲ, ಆ ಮಾತು ಬೇರೆ.

ಮಾರುಕಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ಪಟ್ಟಣದ ಚೌಕದಲ್ಲಿ ಮರದ ಗೂಡಂಗಡಿಗಳು, ದಾಲ್ಚಿನ್ನಿ ಲವಂಗ ಹಾಕಿ ಕಾಯಿಸಿದ ಕೆಂಪು ವೈನು, ದೀಪ, ಫೋಟೋ. ಚೆನ್ನಾಗಿಯೇ ಇದೆ. ಕೋಲಿಗೆ ಸುತ್ತಿ ಕೆಂಡದ ಮೇಲೆ ತಿರುಗಿಸುವ ತ್ರ್ದೆಲ್ನೀಕ್ ಎಂಬ ಸಿಹಿಯನ್ನು 'ಪ್ರಾಚೀನ ಚೆಕ್ ತಿನಿಸು' ಎಂದು ಮಾರುತ್ತಾರೆ. ಅದರ ಹೆಸರಿಗೆ 2007ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ರಕ್ಷಣೆ ಪಡೆದ ಊರು ಪಕ್ಕದ ಸ್ಲೊವಾಕಿಯಾದ ಸ್ಕಾಲಿಟ್ಸಾ. ಪ್ರಾಗ್‌ನವರು ಯಾರೂ ಮನೆಯಲ್ಲಿ ಮಾಡುವುದಿಲ್ಲ. ನಮ್ಮವರು ಅಮ್ಮನ ಕಣ್ಣು ತಪ್ಪಿಸಿ ಸುಟ್ಟ ಹ್ಯಾಮ್ ಒಂದು ತಟ್ಟೆ ತೆಗೆದುಕೊಂಡರು. ಬೋರ್ಡಿನಲ್ಲಿದ್ದ ಬೆಲೆ 100 ಗ್ರಾಮಿಗೆ, ಅವನು ಕೊಯ್ದು ಹಾಕಿದ್ದು ಅದರ ನಾಲ್ಕರಷ್ಟು. ಕೊಟ್ಟು ಬಂದರು. ಕೊಯ್ಯುವ ಮೊದಲೇ ಎಷ್ಟು ಗ್ರಾಮ್ ಎಂದು ಹೇಳಿಬಿಡಬೇಕಂತೆ. ಇಂಥ ಬುದ್ಧಿ ಯಾವಾಗಲೂ ದುಡ್ಡು ಕೊಟ್ಟ ಮೇಲೇ ಬರುತ್ತದೆ.

ಚೌಕದ ನಡುವಿನ ದೊಡ್ಡ ಮರದ ಹಿಂದೆ ಮಾತ್ರ ಒಂದು ಕತೆಯಿದೆ, ಅದನ್ನು ಬಿಡಲಾರೆ. ಮನೆಯೊಳಗೆ ಅಲಂಕರಿಸಿದ ಮರ ಪ್ರಾಗ್‌ಗೆ ಬಂದದ್ದು 1812ರಲ್ಲಿ, ನಾಟಕಶಾಲೆಯ ನಿರ್ದೇಶಕನೊಬ್ಬನ ಮನೆಗೆ. ಊರ ನಡುವೆ ಎಲ್ಲರಿಗೂ ಸೇರಿದ ಮರ ನಿಲ್ಲಿಸುವುದನ್ನು ಈ ದೇಶಕ್ಕೆ ಕಲಿಸಿದ್ದು ಪ್ರಾಗ್ ಅಲ್ಲ, ಬರ್ನೋ ನಗರ. ಕಲಿಸಿದವನು ನಮ್ಮ ಕಸುಬಿನವನೇ, ರುದಾಲ್ಫ್ ತ್ಯೆಸ್ನೊಹ್ಲೀದೆಕ್ ಎಂಬ ಪತ್ರಕರ್ತ. ಸಂಗೀತ ಸಂಯೋಜಕ ಯಾನಾಚೆಕ್‌ನ ಪ್ರಸಿದ್ಧ ಹೆಣ್ಣುನರಿಯ ಒಪೆರಾಕ್ಕೆ ಮೂಲ ಕತೆ ಬರೆದವನು ಇವನೇ. 1919ರ ಡಿಸೆಂಬರ್ 22ರಂದು ಗೆಳೆಯರ ಜೊತೆ ಕ್ರಿಸ್‌ಮಸ್ ಮರ ಕಡಿದು ತರಲು ಕಾಡಿಗೆ ಹೋದಾಗ ಹಿಮದಲ್ಲಿ ಯಾರೋ ಬಿಟ್ಟುಹೋದ ಹೆಣ್ಣುಮಗು ಸಿಕ್ಕಿತು. ಮಗು ಬದುಕಿತು. ಐದು ವರ್ಷದ ನಂತರ, 1924ರಲ್ಲಿ, ಅವನು ಬರ್ನೋದ ಚೌಕದಲ್ಲಿ ದೊಡ್ಡ ಮರ ನಿಲ್ಲಿಸಿ ಅದರ ಕೆಳಗೆ ಹುಂಡಿ ಇಡಿಸಿದ. ಕೂಡಿದ ಹಣದಿಂದ 'ದಾಗ್ಮಾರ್' ಎಂಬ ಅನಾಥ ಮಕ್ಕಳ ಮನೆ ಎದ್ದು 1929ರಲ್ಲಿ ಬಾಗಿಲು ತೆರೆಯಿತು. ಅದನ್ನು ನೋಡಲು ಅವನಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದ. ಆಮೇಲೆ ಊರೂರಿನ ಚೌಕದಲ್ಲಿ ಮರ ನಿಂತಿತು.

ಈಗ ಗಡಿಯಾರಕ್ಕೆ ಬರುತ್ತೇನೆ. ಹಳೆಯ ಪುರಭವನದ ಗೋಡೆಯಲ್ಲಿ 1410ರಿಂದ ಇರುವ ಖಗೋಳ ಗಡಿಯಾರದ ಮುಂದೆ ಪ್ರತಿ ಗಂಟೆಗೂ ನೂರಾರು ಜನ ಕತ್ತೆತ್ತಿ ನಿಲ್ಲುತ್ತಾರೆ. ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಕಿಟಕಿಯಲ್ಲಿ ಯೇಸುವಿನ ಶಿಷ್ಯರ ಗೊಂಬೆಗಳು ಸಾಗುತ್ತವೆ, ಹುಂಜ ಕೂಗುತ್ತದೆ, ಮುಗಿಯಿತು. ಗುಂಪು ಚದುರುತ್ತದೆ. ಗುಂಪು ಚದುರಿದ ಮೇಲೂ ಅಮ್ಮ ಕದಲಲಿಲ್ಲ. ಅವಳಿಗೆ ಗೊಂಬೆ ಬೇಕಿರಲಿಲ್ಲ. ಮೇಲಿನ ಮುಖಫಲಕದಲ್ಲಿ ಹನ್ನೆರಡು ರಾಶಿಗಳ ಬಳೆಯೊಂದು ತಿರುಗುತ್ತಿದೆ ಎಂಬುದನ್ನು ಅವಳು ಕಂಡುಹಿಡಿದಿದ್ದಳು.

"ಇವರ ಸೂರ್ಯ ಮಕರದಲ್ಲಿದ್ದಾನೆ ಕಣೋ. ಇನ್ನೂ ಧನುರ್ಮಾಸ!" ಎಂದು ತಮ್ಮನನ್ನು ತರಾಟೆಗೆ ತೆಗೆದುಕೊಂಡಳು. ಗಡಿಯಾರ ತಪ್ಪಲ್ಲ, ಪಂಚಾಂಗವೂ ತಪ್ಪಲ್ಲ. ಅವರದು ಸಾಯನ ಪದ್ಧತಿ, ಹಗಲು ಅತ್ಯಂತ ಚಿಕ್ಕದಾಗುವ ಡಿಸೆಂಬರ್ 21–22ಕ್ಕೇ ಸೂರ್ಯ ಮಕರಕ್ಕೆ ಬರುತ್ತಾನೆ. ನಮ್ಮದು ನಿರಯಣ, ನಕ್ಷತ್ರಗಳನ್ನು ಹಿಡಿದು ಎಣಿಸುವುದು. ನಡುವಿನ ವ್ಯತ್ಯಾಸ ಈಗ ಸುಮಾರು 24 ಡಿಗ್ರಿ. ಆದ್ದರಿಂದ ನಮ್ಮ ಸಂಕ್ರಾಂತಿ ಜನವರಿ 14–15ಕ್ಕೆ. ತಮ್ಮನ ಮನೆಯಲ್ಲಿ ಅಮ್ಮನ ಧನುರ್ಮಾಸದ ಪೂಜೆ ಸುಸೂತ್ರವಾಗಿ ನಡೆಯುತ್ತಿತ್ತು ಎಂಬುದನ್ನೂ ಹೇಳಬೇಕು. ಸೂರ್ಯ ಏಳುವುದೇ ಎಂಟು ಗಂಟೆಗೆ. ಆರೂವರೆಗೆ ಎದ್ದು ಸ್ನಾನ ಮಾಡಿ ಹುಗ್ಗಿಗಿಟ್ಟರೂ ಇನ್ನೂ ನಕ್ಷತ್ರವಿದೆ. ಮೈಸೂರಿನಲ್ಲಿ ನಾಲ್ಕಕ್ಕೇ ಏಳುವವಳಿಗೆ ಇದು ವಿನಾಯಿತಿಯಂತೆಯೇ ಆಯಿತು.

ಆ ಗಡಿಯಾರದ ಹೊರಬಳೆಯಲ್ಲಿ 1ರಿಂದ 24ರವರೆಗೆ ಹಳೆಯ ಲಿಪಿಯ ಅಂಕಿಗಳಿವೆ. ಈ ಬಳೆ ಋತುವಿಗೆ ತಕ್ಕಂತೆ ಹಿಂದೆ ಮುಂದೆ ಸರಿಯುತ್ತದೆ. ಅದು ತೋರಿಸುವುದು ಹಳೆಯ ಬೊಹೇಮಿಯದ ಹೊತ್ತು. ಆ ಲೆಕ್ಕದಲ್ಲಿ ದಿನ ಮುಗಿಯುವುದು ನಡುರಾತ್ರಿಗಲ್ಲ, ಸೂರ್ಯ ಮುಳುಗಿದಾಗ. ಮುಳುಗಿದ ಕ್ಷಣವೇ 24ನೇ ಗಂಟೆ, ಅಲ್ಲಿಂದ ಮುಂದೆ ನಾಳೆ. ನಮ್ಮ ವಾರ ಸೂರ್ಯೋದಯಕ್ಕೆ ಬದಲಾಗುವ ಹಾಗೆ ಅವರದು ಸೂರ್ಯಾಸ್ತಕ್ಕೆ. ಫಲಕದ ಮೇಲೆ ಇನ್ನೊಂದು ಲೆಕ್ಕವೂ ಇದೆ, ಹಗಲನ್ನು ಎಷ್ಟೇ ಉದ್ದವಿರಲಿ ಹನ್ನೆರಡು ಪಾಲು ಮಾಡುವುದು. ಅಮ್ಮನಿಗೆ ಇದು ತಕ್ಷಣ ಹೊಳೆಯಿತು, ಏಕೆಂದರೆ ರಾಹುಕಾಲದ ಲೆಕ್ಕವೂ ಹೀಗೆಯೇ, ಹಗಲಿನ ಎಂಟನೇ ಒಂದು ಪಾಲು. ಪ್ರಾಗ್‌ನಲ್ಲಿ ಡಿಸೆಂಬರ್ 24ರ ಹಗಲು ಎಂಟು ಗಂಟೆ ಚಿಲ್ಲರೆ ನಿಮಿಷ. ಹಾಗಾದರೆ ರಾಹುಕಾಲ ಒಂದೇ ಗಂಟೆ! ಇಡೀ ಯುರೋಪಿನಲ್ಲಿ ಅವಳಿಗೆ ಇಷ್ಟು ಹಿಡಿಸಿದ ಸಂಗತಿ ಬೇರೊಂದಿಲ್ಲ.

ನನಗೆ ಮಾತ್ರ ಬಾಗಿಲು ಹಾಕುವ ಗುಟ್ಟು ಅಲ್ಲಿ ತಿಳಿಯಿತು. 25ರ ಹಬ್ಬವನ್ನು 24ರ ಸಂಜೆಗೇ ಯಾಕೆ ಮಾಡುತ್ತಾರೆ? ಚರ್ಚಿನ ಹಳೆಯ ಲೆಕ್ಕದಲ್ಲೂ ಹಬ್ಬದ ದಿನ ಹಿಂದಿನ ಸಂಜೆಯಿಂದಲೇ ಶುರು, ಊರ ಗಡಿಯಾರವೂ ಅದನ್ನೇ ಹೇಳುತ್ತಿತ್ತು. ಆ ದಿನ ಪ್ರಾಗ್‌ನಲ್ಲಿ ಸೂರ್ಯ ಮುಳುಗುವುದು ನಾಲ್ಕು ಗಂಟೆ ದಾಟುತ್ತಿದ್ದಂತೆ. ನಾಲ್ಕಕ್ಕೆ 24ನೇ ತಾರೀಕು ಮುಗಿದೇಹೋಯಿತು. ಆಮೇಲೆ ಅಂಗಡಿಯಲ್ಲಿ ಯಾರಿಗೇನು ಕೆಲಸ?

ಆ ದಿನಕ್ಕೆ ಅವರ ಹೆಸರು 'ಧಾರಾಳದ ದಿನ'. ಬೆಳಗಿನಿಂದ ಉಪವಾಸವಿದ್ದ ಮಕ್ಕಳಿಗೆ ಗೋಡೆಯ ಮೇಲೆ ಚಿನ್ನದ ಹಂದಿಮರಿ ಕಾಣುತ್ತದಂತೆ. ತಿಂಡಿ ಡಬ್ಬ ಪಕ್ಕದಲ್ಲೇ ಇದ್ದಾಗ ಉಪವಾಸ ಎಷ್ಟು ಹೊತ್ತು? ಡಿಸೆಂಬರ್ ಮೊದಲ ವಾರದಿಂದಲೇ ಮಾಡಿ, ಮಕ್ಕಳಿಗೆ ಸಿಗದ ಹಾಗೆ ಅಟ್ಟಕ್ಕೆ ಸೇರಿಸಿದ ವೆನಿಲಾ ಕೋಡುಬಳೆಗಳು (ಆಕಾರ ಅದೇ, ರುಚಿ ಬೇರೆ) ಅಂದು ಕೆಳಗಿಳಿಯುತ್ತವೆ. ತಮ್ಮನ ಮನೆಯೊಡತಿ ಕೆಳಗಿನ ಮಹಡಿಯವರು, 23ರಂದೇ ನಮಗೊಂದು ತಟ್ಟೆ ತಂದುಕೊಟ್ಟಿದ್ದರು. 24ರ ಮಧ್ಯಾಹ್ನ ನನ್ನ ಮಗಳನ್ನು ತಮ್ಮ ಮೊಮ್ಮಕ್ಕಳ ಜೊತೆ ಕೂರಿಸಿಕೊಂಡರು. ಅವಳು ಕಂಡು ಬಂದು ಹೇಳಿದ್ದು ಹೀಗೆ. ತಟ್ಟೆಯ ಕೆಳಗೆ ಮೀನಿನ ಹುರುಪೆ ಇಡುತ್ತಾರೆ, ಊಟವಾದ ಮೇಲೆ ಅದನ್ನು ಪರ್ಸಿಗೆ ಹಾಕಿಕೊಂಡರೆ ವರ್ಷವಿಡೀ ದುಡ್ಡು. ಊಟದ ನಡುವೆ ಯಾರೂ ಏಳುವಂತಿಲ್ಲ. ಸೇಬನ್ನು ಅಡ್ಡಲಾಗಿ ಕೊಯ್ದು ನೋಡುತ್ತಾರೆ, ಬೀಜದ ಜಾಗದಲ್ಲಿ ನಕ್ಷತ್ರ ಕಂಡರೆ ಆರೋಗ್ಯ, ಶಿಲುಬೆ ಕಂಡರೆ ಕೇಡು. ಅಕ್ರೋಟಿನ ಚಿಪ್ಪಿನಲ್ಲಿ ಚಿಕ್ಕ ಮೇಣದ ಬತ್ತಿ ಹಚ್ಚಿ ಬೋಗುಣಿಯ ನೀರಲ್ಲಿ ತೇಲಿಬಿಡುತ್ತಾರೆ, ಯಾರ ದೋಣಿ ದಂಡೆ ಬಿಟ್ಟು ದೂರ ಹೋಗುತ್ತದೋ ಅವರು ದೂರದೇಶಕ್ಕೆ. ಅಮ್ಮ ನಿಟ್ಟುಸಿರಿಟ್ಟಳು: "ನಮ್ಮನೆ ದೋಣಿ ಆಗಲೇ ಹೋಯ್ತಲ್ಲ."

ಉಡುಗೊರೆ ತರುವುದು ಸಾಂತಾ ಅಲ್ಲ. ಯೆಝೀಶೆಕ್, ಅಂದರೆ ಪುಟ್ಟ ಯೇಸು. ಅವನು ಹೇಗಿದ್ದಾನೆ, ಎಲ್ಲಿಂದ ಬರುತ್ತಾನೆ, ಯಾರಿಗೂ ಗೊತ್ತಿಲ್ಲ. ಮುಚ್ಚಿದ ಕೋಣೆಯಲ್ಲಿ ಗಂಟೆ ಟಿಣ್ ಎನ್ನುತ್ತದೆ, ಮಕ್ಕಳು ಓಡಿ ಬಾಗಿಲು ತೆರೆದರೆ ಮರದ ಕೆಳಗೆ ಪೊಟ್ಟಣಗಳಿವೆ, ಅವನಿಲ್ಲ. 2021ರ ಜನಗಣತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಯಾವ ಧರ್ಮವೂ ಇಲ್ಲ ಎಂದು ಬರೆಸಿದ ದೇಶವಿದು. ಅಂಥ ಮನೆಗಳಲ್ಲೂ ಗಂಟೆ ಬಾರಿಸುತ್ತಾರೆ. ಕಮ್ಯುನಿಸ್ಟರ ಕಾಲದಲ್ಲಿ ಇವನನ್ನು ತೆಗೆದುಹಾಕಿ ರಷ್ಯದ 'ಹಿಮದಜ್ಜ'ನನ್ನು ತರುವ ಪ್ರಯತ್ನ ನಡೆಯಿತು. 1952ರ ಡಿಸೆಂಬರ್‌ನಲ್ಲಿ ಪ್ರಧಾನಿ ಆಂತೊನೀನ್ ಜಾಪೊತೊಟ್ಸ್ಕೀ ಮಕ್ಕಳಿಗೆ ಮಾಡಿದ ಭಾಷಣದಲ್ಲಿ, ಪುಟ್ಟ ಯೇಸು ಬೆಳೆದು ದೊಡ್ಡವನಾಗಿ ಗಡ್ಡ ಬಿಟ್ಟು ಹಿಮದಜ್ಜನಾದ ಎಂದು ವಿವರಿಸಿದರು. ಮಕ್ಕಳು ಒಪ್ಪಲಿಲ್ಲ. ಮುಖವೇ ಇಲ್ಲದವನಿಗೆ ಗಡ್ಡ ಅಂಟಿಸುವುದಾದರೂ ಎಲ್ಲಿಗೆ?

ಊಟವಾದ ಮೇಲೆ ಟಿವಿಯಲ್ಲಿ 1973ರ ಸಿಂಡ್ರೆಲಾ ಸಿನಿಮಾ, ಎಲ್ಲರಿಗೂ ಬಾಯಿಪಾಠ. ನಡುರಾತ್ರಿ ಚರ್ಚುಗಳಲ್ಲಿ ಯಾಕುಬ್ ಯಾನ್ ರಿಬಾ 1796ರಲ್ಲಿ ರಚಿಸಿದ ಚೆಕ್ ಕ್ರಿಸ್‌ಮಸ್ ಪೂಜಾಗೀತೆ. ಲ್ಯಾಟಿನ್ ಬಿಟ್ಟು ಆಡುಭಾಷೆಯಲ್ಲಿ, ಕುರುಬರು ಒಬ್ಬರನ್ನೊಬ್ಬರು ಎಬ್ಬಿಸುವಂತೆ ಬರೆದದ್ದು. ಅವನು ಹಳ್ಳಿಯ ಮೇಷ್ಟ್ರು. ರಿಬಾ ಎಂದರೆ ಚೆಕ್ ಭಾಷೆಯಲ್ಲಿ ಮೀನು. ಆ ರಾತ್ರಿ ಮೀನು ಅಲ್ಲಿಗೂ ಬಂತು.

25ರ ಬೆಳಿಗ್ಗೆ ಅಮ್ಮ ಕೇಳಿದ್ದು ಒಂದೇ ಮಾತು: ಆ ಮುಖ ಕಾಣದ ಮಗುವಿಗೆ ಗುಡಿ ಎಲ್ಲೂ ಇಲ್ಲವೇ? ಇದೆ, ವಲ್ತಾವಾದ ಆಚೆ ದಡದಲ್ಲಿ, ಕಾರ್ಮೆಲಿತ್ಸ್ಕಾ ಬೀದಿಯಲ್ಲಿ. ವಿಜಯಮಾತೆಯ ಚರ್ಚಿನ ಬಲಗೋಡೆಯಲ್ಲಿ ಗಾಜಿನ ಹಿಂದೆ 47 ಸೆಂಟಿಮೀಟರ್ ಎತ್ತರದ ಮೂರ್ತಿ, ಮರದ ಮೇಲೆ ಮೇಣದ ಲೇಪ. ಸ್ಪೇನಿನಿಂದ ಮದುವೆಯಾಗಿ ಬಂದ ಹೆಣ್ಣುಮಗಳ ಜೊತೆ ಬೊಹೇಮಿಯಾಕ್ಕೆ ಬಂದು, ಅವಳ ಮಗಳು ಪೊಲಿಕ್ಸೇನಾ 1628ರಲ್ಲಿ ಕಾರ್ಮೆಲ್ ಸಂನ್ಯಾಸಿಗಳಿಗೆ ಕೊಟ್ಟದ್ದು. 1631ರಲ್ಲಿ ಸ್ಯಾಕ್ಸನಿಯ ಸೈನ್ಯ ನುಗ್ಗಿದಾಗ ಕೈಗಳು ಮುರಿದು ಪೀಠದ ಹಿಂದೆ ಕಸದಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಈಗ ನೂರಾರು ಉಡುಪುಗಳಿವೆ, ಮಹಾರಾಣಿ ಮರಿಯಾ ತೆರೇಸಾ ಕೊಟ್ಟದ್ದೂ ಸೇರಿ. ಹಬ್ಬಕ್ಕೊಂದು ಬಣ್ಣ. ಸಂನ್ಯಾಸಿನಿಯರು ವರ್ಷಕ್ಕೆ ಸುಮಾರು ಹತ್ತು ಸಲ ಬದಲಾಯಿಸಿ ತೊಡಿಸುತ್ತಾರೆ. "ಅಲಂಕಾರ ಅನ್ನು" ಎಂದಳು ಅಮ್ಮ. ಬೆಂಗಳೂರಿನ ವಿವೇಕನಗರದಲ್ಲಿ ಗುರುವಾರ ಸರದಿಯಲ್ಲಿ ನಿಲ್ಲುವವರು, ಮಂಗಳೂರಿನ ಬಿಕರ್ನಕಟ್ಟೆಯ ಗುಡ್ಡ ಹತ್ತುವವರು ಕೈಮುಗಿಯುವ ಬಾಲಯೇಸು ಇವನೇ. ಬಿಕರ್ನಕಟ್ಟೆಯ ಕ್ಷೇತ್ರ ನಡೆಸುವವರೂ ಅದೇ ಕಾರ್ಮೆಲ್ ಸಭೆಯವರು. ಮುಖವಿಲ್ಲದ ಯೆಝೀಶೆಕ್ ಮನೆಯವರ ಪಾಲಿಗೆ, ಕಿರೀಟ ತೊಟ್ಟ ಇವನು ಊರಾಚೆಯವರ ಪಾಲಿಗೆ. ಅಲ್ಲಿ ಮೊಣಕಾಲೂರಿದ್ದವರಲ್ಲಿ ಚೆಕ್ ಮಾತಾಡುವವರು ನನಗೆ ಕಂಡದ್ದು ಕಡಿಮೆ. ಸ್ಪ್ಯಾನಿಷ್ ಕೇಳಿಸುತ್ತಿತ್ತು, ಮಲಯಾಳಂ ಕೂಡ.

ಹೋಗುವ ಮನಸ್ಸಿದ್ದವರಿಗೆ: 20ಕ್ಕೆ ಮೊದಲೇ ತಲುಪಿ, ಮೀನಿನ ತೊಟ್ಟಿಗಳನ್ನು ನೋಡಿ. ಹಿಮದ ಆಸೆ ಇಟ್ಟುಕೊಳ್ಳಬೇಡಿ, ನಮಗೆ ಸಿಕ್ಕಿದ್ದು ಜಿನುಗು ಮಳೆ. ಅಲ್ಲಿ ಚಲಾವಣೆ ಕೊರುನಾ, ಯೂರೋ ಅಲ್ಲ. 24ರ ಸಂಜೆ ಹೊರಗೆ ಉಣ್ಣುವುದಾದರೆ ತಿಂಗಳ ಮೊದಲೇ ಜಾಗ ಕಾಯ್ದಿರಿಸಿ, ಇಲ್ಲವೇ ಅಡುಗೆಮನೆ ಇರುವ ಕೋಣೆ ಹಿಡಿಯಿರಿ. ತಮ್ಮ ಸ್ವಲ್ಪ ಹೆಚ್ಚಿಸಿಯೇ ಹೆದರಿಸಿದ್ದ. ವಿಯೆಟ್ನಾಂ ಮೂಲದವರು ನಡೆಸುವ ಮೂಲೆಯಂಗಡಿಗಳು ಚಿಕ್ಕವು, ಕಾನೂನಿಗೆ ಒಳಪಡುವುದಿಲ್ಲ. 25ರ ಮಧ್ಯಾಹ್ನ ಅಂಥದ್ದೊಂದರಲ್ಲಿ ಅಮ್ಮನಿಗೆ ಮೊಸರು ಸಿಕ್ಕಿತು. ಸ್ಟ್ರಾಬೆರಿ ಹಾಕಿದ್ದು.

ಸಪ್ಪೆ ಮೊಸರು ಬೇಕಿದ್ದರೆ 24ರ ಮಧ್ಯಾಹ್ನದೊಳಗೆ ತಂದಿಟ್ಟುಕೊಳ್ಳಿ.